ದುರ್ಗಪ್ಪನ ಮಾತು, ನನ್ನ ಅನುವಾದ

ದಾಂಡೇಲಿಯ ಕಾಗದದ ಗಿರಣಿಗೆ ನಾನು ಕೆಲಸ ಕೇಳಿಕೊಂಡು ಬಂದಾಗ ನನ್ನ ಕೈಯಲ್ಲಿ ಮ್ಯಾಟ್ರಿಕ್ ಪಾಸಾದ ಸರ್ಟಿಫಿಕೇಟು ಇತ್ತು, ಅದರಲ್ಲಿ ಇಂಗ್ಲಿಷಿಗೆ ಮೂವತ್ತೆಂಟು ಅಂಕ ಇದ್ದವು, ದೇವರು ನನ್ನನ್ನು ಕುರ್ಚಿಯ ಮೇಲೆ ಕೂಡಿಸಲಿಕ್ಕೇ ಸೃಷ್ಟಿಸಿದ್ದಾನೆಂಬ ನಂಬಿಕೆ ತಲೆಯಲ್ಲಿತ್ತು. ಗಿರಣಿಯವರು ಸರ್ಟಿಫಿಕೇಟು ನೋಡಿದರು, ನನ್ನ ಭುಜ ನೋಡಿದರು, ಪರಸಪ್ಪ, ಚಿಪ್ಪರ್ ಖಾತೆ, ಹೆಲ್ಪರ್ ಎಂದು ಬರೆದುಕೊಂಡರು.

ಚಿಪ್ಪರ್ ಎಂದರೆ ಬಿದಿರು ಕತ್ತರಿಸುವ ಯಂತ್ರ. ಇಪ್ಪತ್ತಡಿಯ ಗಳವನ್ನು ಅದರ ಬಾಯಿಗೆ ಕೊಟ್ಟರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಚೆ ಕಡೆಯಿಂದ ಬೆರಳಗಲದ ಚೂರುಗಳಾಗಿ ಬೀಳುತ್ತದೆ. ಅದರ ಸದ್ದು ಎಂಥದೆಂದು ವರ್ಣಿಸಲು ನಾನು ಹಲವು ಸಲ ಪ್ರಯತ್ನಿಸಿದ್ದೇನೆ. ಅಂಥ ಒಂದು ಪ್ರಯತ್ನದಿಂದಲೇ ಈ ಕತೆ ಹುಟ್ಟಿತು. ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಆ ಖಾತೆಯಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಅವನಿಗೆ ಮುಟ್ಟುವುದು ನಿಮ್ಮ ಉಸಿರಿನ ಬಿಸಿ ಮಾತ್ರ.

ಹಾಗಾಗಿ ಅಲ್ಲಿ ಎಲ್ಲರೂ ಕೈಯಿಂದಲೇ ಮಾತನಾಡುತ್ತಿದ್ದರು. ಎರಡು ಬೆರಳು ತುಟಿಗೆ ತಾಗಿಸಿದರೆ ಚಹಾ. ಒಂದು ಮುಂಗೈಯ ಮೇಲೆ ಇನ್ನೊಂದನ್ನು ಅಡ್ಡ ಇಟ್ಟರೆ ಗಳ ಸಿಕ್ಕಿಕೊಂಡಿದೆ. ತಲೆಯ ಮೇಲೆ ಎರಡೂ ಕೈ ಕತ್ತರಿಯಾದರೆ ನಿಲ್ಲಿಸು. ಹಣೆಯ ಮುಂದೆ ಅಂಗೈ ಚಾಚಿ ಹ್ಯಾಟಿನ ಅಂಚು ತೋರಿಸಿದರೆ ಸಾಹೇಬರು ಬರುತ್ತಿದ್ದಾರೆ, ಕೆಲಸ ಮಾಡುವವರ ಹಾಗೆ ಕಾಣು.

ಈ ಭಾಷೆಗೆ ನಮ್ಮ ಖಾತೆಯಲ್ಲಿ ಒಬ್ಬನೇ ಪಂಡಿತ. ಅವನು ದುರ್ಗಪ್ಪ.

ದುರ್ಗಪ್ಪ ಮುಂಡಗೋಡ ತಾಲೂಕಿನ ಪಾಳಾದವನು. ಹುಟ್ಟು ಕಿವುಡ, ಹೀಗಾಗಿ ಬಾಯಲ್ಲಿ ಮಾತೂ ಇಲ್ಲ. ಊರಿನಲ್ಲಿ ಅವನನ್ನು ಮೂಕ ಎಂದೇ ಕರೆಯುತ್ತಿದ್ದರು. ಕರೆದರೂ ಅವನಿಗೆ ಕೇಳುವಂತಿರಲಿಲ್ಲ ಎಂಬುದು ಬೇರೆ ಮಾತು. ತಂದೆತಾಯಿ ತೀರಿಕೊಂಡ ಮೇಲೆ ಹತ್ತು ವರ್ಷ ದೊಡ್ಡವಳಾದ ಅಕ್ಕ ಮಾಲವ್ವ ಸಾಕಿದಳು. ಅಕ್ಕ ತಮ್ಮ ಸೇರಿ ಮನೆಯೊಳಗೆ ಒಂದಿಪ್ಪತ್ತು ಸನ್ನೆ ಮಾಡಿಕೊಂಡಿದ್ದರು: ಉಣ್ಣು, ಮಲಗು, ಬಾ, ಮಳೆ, ಎಮ್ಮೆ, ಹೀಗೆ. ಊರಿನವರು ಅವನಿಗೇನಾದರೂ ಹೇಳಬೇಕಾದರೆ ಮಾಲವ್ವನಿಗೆ ಹೇಳುತ್ತಿದ್ದರು. ಅವನೇನಾದರೂ ಹೇಳಬೇಕಾದರೆ ಮಾಲವ್ವ ಹೇಳುತ್ತಿದ್ದಳು. ಅವನಿಗೆ ಹೇಳಲಿಕ್ಕೆ ಏನಿದೆ ಎಂಬುದನ್ನೂ ಅವಳೇ ತೀರ್ಮಾನಿಸುತ್ತಿದ್ದಳು. ಪ್ರೀತಿಯಿಂದಲೇ.

ಬಿದಿರು ಹೇರುವ ಲಾರಿಯ ಹಮಾಲನಾಗಿ ಅವನು ಒಂದು ದಿನ ಗಿರಣಿಯ ಅಂಗಳಕ್ಕೆ ಬಂದ. ಹಿಂದಕ್ಕೆ ಬರುತ್ತಿದ್ದ ಲಾರಿಯ ಡ್ರೈವರನಿಗೆ ಕೈಯಿಂದಲೇ ದಾರಿ ತೋರಿಸುತ್ತಿದ್ದುದನ್ನು ನಮ್ಮ ಗೌಸ ಮಿಸ್ತ್ರಿ ನೋಡಿದರು. ಮಿಸ್ತ್ರಿ ಹಳಿಯಾಳದವರು, ಚಿಪ್ಪರ್ ಖಾತೆಯ ಹಿರಿಯರು, ಮೂವತ್ತು ವರ್ಷ ಕಟ್ಟಿಗೆ ಕೊಯ್ಯುವ ಯಂತ್ರಗಳ ನಡುವೆ ಬದುಕಿ ಎಡಗಿವಿಯನ್ನು ಪೂರ್ತಿ ಅವುಗಳಿಗೇ ಕೊಟ್ಟವರು. "ಈ ಹುಡುಗ ನಮ್ಮ ಖಾತೇಕ್ಕಽ ಹುಟ್ಯಾನ" ಎಂದು ಒಳಗೆ ಎಳೆದುಕೊಂಡರು.

ಆರು ತಿಂಗಳಲ್ಲಿ ಇದ್ದ ಸನ್ನೆಗಳನ್ನೆಲ್ಲ ದುರ್ಗಪ್ಪ ಕಲಿತ. ವರ್ಷ ತುಂಬುವುದರೊಳಗೆ ಖಾತೆಯಲ್ಲಿ ಓಡಾಡುತ್ತಿದ್ದ ಸನ್ನೆಗಳಲ್ಲಿ ಅರ್ಧ ಅವನು ಹುಟ್ಟಿಸಿದ್ದವು. ಎಲ್ಲರಿಗೂ ಅವನೇ ಹೆಸರಿಟ್ಟ. ಗಡ್ಡವನ್ನು ಹೆಬ್ಬೆರಳಿನಿಂದ ಸವರಿದರೆ ಮಿಸ್ತ್ರಿ. ಹುಬ್ಬಿನ ಮೇಲೆ ಬೆರಳೆಳೆದರೆ ಸ್ವತಃ ಅವನು. ಅವನ ಹುಬ್ಬುಗಳು ಎರಡು ಕಂಬಳಿಹುಳು ಎದುರುಬದುರು ಬಂದ ಹಾಗಿದ್ದವು. ಬಾಯಿಯ ಮುಂದೆ ಕೈ ಹಿಡಿದು ಬೆರಳುಗಳನ್ನು ಒಂದೇ ಸಮನೆ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದರೆ ಅದು ನಾನು. ಈ ಹೆಸರು ಬೇಡವೆಂದು ನಾನು ಬಹಳ ವಾದಿಸಿದೆ. ವಾದಿಸಿದಷ್ಟೂ ಹೆಸರು ಗಟ್ಟಿಯಾಯಿತು.

ಲೇಬರ್ ಲೈನಿನಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ. ತಿಂಗಳಿಗೊಮ್ಮೆ ಅವನ ಅಕ್ಕನಿಗೆ ಪತ್ರ ಬರೆಯುವುದು ನನ್ನ ಪಾಲಿನ ಸೇವೆ. ಅವನು ನಾಲ್ಕು ಸನ್ನೆ ಮಾಡುತ್ತಿದ್ದ: ಉಂಡೆ, ಚೆನ್ನಾಗಿದ್ದೇನೆ, ಕೆಲಸ ಇದೆ, ಎಮ್ಮೆ ಹೇಗಿದೆ. ನಾನು ನಾಲ್ಕು ಪುಟ ಬರೆಯುತ್ತಿದ್ದೆ. ಓದುಬರಹವಿಲ್ಲದ ಮಾಲವ್ವ ಪಾಳಾದ ಮಾಸ್ತರರಿಂದ ಅದನ್ನು ಓದಿಸಿ ಕೇಳುತ್ತಾಳೆ, ಮಾಸ್ತರರು ನನ್ನ ಶೈಲಿಗೆ ತಲೆದೂಗುತ್ತಾರೆ ಎಂದು ಕಲ್ಪಿಸಿಕೊಂಡು ಬರೆಯುತ್ತಿದ್ದೆ. ಆ ವರ್ಷ ದೀಪಾವಳಿ ಕಳೆದ ಮೇಲೆ ಬರೆದ ಪತ್ರದಲ್ಲಿ ಚಿಪ್ಪರನ್ನು ವರ್ಣಿಸಿದೆ: "ಇಲ್ಲಿಯ ಯಂತ್ರವು ಮಹಾಕಾಳಿಯಂತೆ ಬಾಯ್ದೆರೆದು ನಿಂತಿರುವುದು. ಅದರ ಹಸಿವಿಗೆ ಬಿದಿರು ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ. ಅಪಾಯದ ಗಂಟೆ ಬಾರಿಸಿದೊಡನೆ ಓಡಿದವನೇ ಬದುಕಿದನು."

ಬರೆದು ಮೂರು ಸಲ ಓದಿಕೊಂಡೆ. ಬಹಳ ಚೆನ್ನಾಗಿತ್ತು. ಇದನ್ನು ಕೇಳಿಸಿಕೊಳ್ಳುವವಳು ಗಂಟೆ ಕೇಳಿಸದವನ ಅಕ್ಕ ಎಂಬುದು ಮೂರನೆಯ ಸಲವೂ ನನಗೆ ಹೊಳೆಯಲಿಲ್ಲ.

ಮರುಪತ್ರ ಬಂತು. ಅಕ್ಷರ ಮಾಸ್ತರರದು, ಮಾತು ಮಾಲವ್ವನದು: "ಬನದ ಹುಣ್ಣಿವಿಯೊಳಗ ಬಂದು ನನ್ನ ತಮ್ಮನ್ನ ಕರಕೊಂಡು ಹೋಗತೇನಿ. ಇಲ್ಲಿ ಎಮ್ಮಿ ಅದಾವ. ಗಂಟಿ ಕೇಳದವಗ ಅಲ್ಲಿ ಏನು ಕೆಲಸ? ಬರತೇನಿ ಅಂದರ ಬರತೇನಿ."

ನಾನು ಆಗಲೇ ದುರ್ಗಪ್ಪನಿಗೆ ಹೇಳಬೇಕಿತ್ತು. ಅವನಿಗೆ ದಾಂಡೇಲಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಪಾಳಾದಲ್ಲಿ ಇಪ್ಪತ್ತು ವರ್ಷದಲ್ಲಿ ಇಪ್ಪತ್ತು ಮಾತು ಆಡಿದವನು ಇಲ್ಲಿ ಒಂದು ಪಾಳಿಯಲ್ಲಿ ಇನ್ನೂರು ಮಾತು ಆಡುತ್ತಿದ್ದ, ಚೇಷ್ಟೆ ಮಾಡುತ್ತಿದ್ದ, ಜಗಳವಾಡುತ್ತಿದ್ದ. ಅದನ್ನೆಲ್ಲ ಬಿಡಿಸುವ ಕಾಗದ ನನ್ನ ಕೈಯಲ್ಲಿತ್ತು, ಅದಕ್ಕೆ ಕಾರಣವಾದ ಶೈಲಿಯೂ ನನ್ನದೇ. ಅವನು ಹುಬ್ಬೇರಿಸಿ ಏನು ಸುದ್ದಿ ಎಂದು ಕೇಳಿದ. ಎಮ್ಮೆ ಚೆನ್ನಾಗಿದೆ ಎಂದು ಸನ್ನೆ ಮಾಡಿ ಪತ್ರವನ್ನು ಕಿಸೆಗೆ ಹಾಕಿಕೊಂಡೆ. ನನ್ನ ಪರವಾಗಿ ಹೇಳುವುದಾದರೆ, ಎಮ್ಮೆ ನಿಜಕ್ಕೂ ಚೆನ್ನಾಗಿತ್ತು.

ಅದೇ ಹೊತ್ತಿಗೆ ಗಿರಣಿ ಕೆಲಸಗಾರರ ಕ್ಲಬ್ಬಿಗೆ ಒಂದು ಸುತ್ತೋಲೆ ಬಂತು. ಐದು ದೇಶಗಳ ಎಂಟು ಜನ ತರುಣ ತರುಣಿಯರು ಜನವರಿಯಲ್ಲಿ ಕುಂಬಾರವಾಡಕ್ಕೆ ಬರುತ್ತಾರೆ. ನಮ್ಮ ಕಡೆಯ ಹುಡುಗರೊಂದಿಗೆ ಸೇರಿ ಮೂರು ವಾರದಲ್ಲಿ ಒಂದು ಕೋಣೆಯ ಶಾಲೆ ಕಟ್ಟುತ್ತಾರೆ. ಸಂಜೆ ಸಭೆ: ಜಾತಿ, ಧರ್ಮ, ಬಣ್ಣ, ಅಂಗವೈಕಲ್ಯ ಇತ್ಯಾದಿಗಳಿಂದ ಹೊರಗುಳಿದವರನ್ನು ಒಳಗೊಳ್ಳುವುದು ಹೇಗೆ ಎಂದು. ವಿನಿಮಯವಾಗಿ ಮರುವರ್ಷ ನಮ್ಮವರು ಅವರ ದೇಶಗಳಿಗೆ ಹೋಗಬಹುದು. ಈ ಕೊನೆಯ ಸಾಲು ಓದಿದ ದಿನವೇ ನಾನು ಹಳಿಯಾಳಕ್ಕೆ ಹೋಗಿ ಒಂದು ಜೊತೆ ಬೂಟು ಕೊಂಡುಕೊಂಡು ಬಂದೆ.

ಕ್ಲಬ್ಬಿನ ಸಭೆಯಲ್ಲಿ ಕಾರ್ಯದರ್ಶಿಗಳು ಸುತ್ತೋಲೆ ಓದಿ ಕನ್ನಡಕ ತೆಗೆದರು. "ಹೊರಗುಳಿದವರನ್ನ ಕಳಸ್ರಿ ಅಂತ ಬರದಾರ. ನಮ್ಮಲ್ಲಿ ಹೊರಗುಳಿದವರು ಯಾರದಾರ್ರೀ?"

"ಪರಸ್ಯಾನ್ನ ಆಫೀಸಿನವರು ಹೊರಗ ಇಟ್ಟಾರ ನೋಡ್ರಿ" ಎಂದಿತು ಹಿಂದಿನ ಬೆಂಚು.

ನಗು ಇಳಿದ ಮೇಲೆ ಗೌಸ ಮಿಸ್ತ್ರಿ ಎದ್ದರು. "ಮಾತಾಡಾಕ ಪರಸ್ಯಾ ಹೋಗಲಿ, ಇಂಗ್ಲೀಷ ಬರ್ತೈತಿ ಅಂತಾನ. ಕೆಲಸಾ ಮಾಡಾಕ ನಮ್ಮ ದುರ್ಗ್ಯಾ ಹೋಗಲಿ. ಮ್ಯಾಲ ಹಂಚು ಹೊಂದಸಾಕ ನಾ ಬರ್ತೇನಿ."

ಹೀಗೆ ಮೂವರೂ ಹೊರಟೆವು. ನಾನು ಅಧಿಕೃತ ಅನುವಾದಕ. ಬೂಟು ಕಾಲಲ್ಲಿ, ಪತ್ರ ಕಿಸೆಯಲ್ಲಿ.

ಕುಂಬಾರವಾಡಕ್ಕೆ ದಿನಕ್ಕೆ ಒಂದೇ ಬಸ್ಸು. ಸುಪಾ ದಾಟಿ ಕಾಡಿನೊಳಗೆ ತಿರುಗಿ ತಿರುಗಿ ಸಂಜೆ ನಾಲ್ಕಕ್ಕೆ ಬರುತ್ತದೆ, ರಾತ್ರಿ ಅಲ್ಲೇ ಮಲಗಿ ಮುಂಜಾನೆ ಎಂಟಕ್ಕೆ ಹೊರಡುತ್ತದೆ. ಶಿಬಿರದ ನಾಯಕಿ ಡೆನ್ಮಾರ್ಕಿನ ಇಂಗರ್, ನಮ್ಮವರ ಪಾಲಿಗೆ ಇಂಗರ್ ಬಾಯಿ, ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸುವಷ್ಟು ಎತ್ತರ. ಜಪಾನಿನಿಂದ ಬಂದ ಕೆಂಜಿ ಎಂಬ ಹುಡುಗ ಸದಾ ಒಂದು ಪುಟ್ಟ ಪುಸ್ತಕದಲ್ಲಿ ಚಿತ್ರ ಬಿಡಿಸುತ್ತಿದ್ದ. ಉಳಿದವರ ಹೆಸರುಗಳನ್ನು ನಾನು ಮೂರು ವಾರವೂ ತಪ್ಪಾಗಿಯೇ ಕರೆದೆ; ಅವರು ಮೂರು ವಾರವೂ ಓಗೊಟ್ಟರು.

ಮೊದಲ ದಿನ ಇಂಗರ್ ಬಾಯಿ ಊರ ಜನರ ಮುಂದೆ ನಿಂತು ಮೂರು ವಾಕ್ಯ ಹೇಳಿದಳು. ಅವಳ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ಮೊದಲು ಪರಿಚಯವಿರಲಿಲ್ಲ. ಆದರೂ ಎದೆಗುಂದದೆ ಕಾಲು ಗಂಟೆ ಕನ್ನಡದಲ್ಲಿ ಅನುವಾದ ಮಾಡಿದೆ. ವಿಶ್ವಬಂಧುತ್ವ ಎಂಬ ಶಬ್ದವನ್ನೇ ಆರು ಸಲ ಬಳಸಿದೆ. ಜನ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಮಿಸ್ತ್ರಿ ನನ್ನ ತೋಳು ಜಗ್ಗಿದರು.

"ಅರೆ ಮಿಯಾ, ಇವ್ರು ಕೊಂಕಣಿ ಮಂದಿ. ನಿನ್ನ ಪುಸ್ತಕದ ಕನ್ನಡ ಇವ್ರಿಗೆ ತಿಳಿಯೂದಿಲ್ಲ."

"ಹಂಗಾದ್ರ ತಲಿ ಯಾಕ ಆಡಸಾಕತ್ತಾರ?"

"ಮರ್ಯಾದಸ್ಥ ಮಂದಿ, ಅದಕ್ಕ."

ಎರಡನೆಯ ದಿನ ಕಲ್ಲು ಇಳಿಸುವಾಗ ಒಂದು ದೊಡ್ಡ ಕಲ್ಲು ದಿಬ್ಬದ ಮೇಲಿನಿಂದ ಜಾರತೊಡಗಿತು. ಕೆಳಗಿದ್ದವರನ್ನು ಎಚ್ಚರಿಸಲು ಐದು ದೇಶದವರು ಐದು ಭಾಷೆಯಲ್ಲಿ ಕೂಗಿದರು. ನಾನು ಆರನೆಯದರಲ್ಲಿ ಅನುವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಕಲ್ಲುರಾಶಿಯ ಮೇಲಿದ್ದ ದುರ್ಗಪ್ಪ ತಲೆಯ ಮೇಲೆ ಎರಡೂ ಕೈ ಕತ್ತರಿ ಮಾಡಿ ನಿಂತ. ಎಲ್ಲರೂ ಇದ್ದಲ್ಲೇ ನಿಂತರು. ಕೈಯಿಂದ ಗಾಳಿಯನ್ನು ಎಡಕ್ಕೆ ತಳ್ಳಿದ. ಎಲ್ಲರೂ ಎಡಕ್ಕೆ ಸರಿದರು. ಕಲ್ಲು ಖಾಲಿ ಜಾಗದಲ್ಲಿ ಉರುಳಿ ಹೋಗಿ ಹಳ್ಳ ಸೇರಿತು.

ಅಂದು ಮಧ್ಯಾಹ್ನವೇ ಎಲ್ಲರೂ ಎರಡು ಬೆರಳು ತುಟಿಗಿಟ್ಟು ಚಹಾ ಕೇಳತೊಡಗಿದರು. ಕೆಂಜಿ ಹಸಿಮೆಣಸಿನಕಾಯಿ ಚಟ್ನಿ ತಿಂದು ನಾಲಿಗೆ ಹೊರಗೆ ಚಾಚಿ ಎರಡೂ ಕೈಯಿಂದ ಗಾಳಿ ಹಾಕಿಕೊಂಡ. ಮರುದಿನದಿಂದ ಖಾರ ಎನ್ನುವುದಕ್ಕೆ ಅದೇ ಸನ್ನೆಯಾಯಿತು. ಊರಿನವರೂ ಕಲಿತರು. ನಾಲ್ಕನೆಯ ದಿನದಿಂದ ಅನುವಾದಕ್ಕೆಂದು ಯಾರೂ ನನ್ನ ಬಳಿ ಬರಲಿಲ್ಲ. ಐದನೆಯ ದಿನ ಮಿಸ್ತ್ರಿ ನನ್ನ ತಲೆಯ ಮೇಲೆ ಸಿಂಬಿ ಇಟ್ಟು ಕಲ್ಲು ಹೊರಿಸಿದರು. ಆರನೆಯ ದಿನ ಬೂಟು ಬಿಚ್ಚಿಟ್ಟೆ. ಅದು ನನ್ನನ್ನು ಕಚ್ಚುವುದನ್ನು ದುರ್ಗಪ್ಪ ಆಗಲೇ ಎಲ್ಲರಿಗೂ ಅಭಿನಯಿಸಿ ತೋರಿಸಿದ್ದ.

ಆದರೆ ಸಂಜೆಯ ಸಭೆ ಮಾತ್ರ ಬಾಯಿಮಾತಿನದೇ. ಅಲ್ಲಿ ನನ್ನ ಗದ್ದುಗೆ ಭದ್ರ. ಹಲಸಿನ ಮರದ ಕೆಳಗೆ ಸುತ್ತ ಕುಳಿತು ಒಬ್ಬೊಬ್ಬರೂ ತಮ್ಮ ದೇಶದಲ್ಲಿ ಹೊರಗುಳಿದವರ ಬಗ್ಗೆ ಹೇಳುತ್ತಿದ್ದರು. ಹತ್ತನೆಯ ದಿನ ನಮ್ಮ ಸರದಿ. ಗಿರಣಿಯಲ್ಲಿ ನಾವೆಲ್ಲ ಹೇಗೆ ಕೂಡಿ ದುಡಿಯುತ್ತೇವೆ, ಕೂಡಿ ಉಣ್ಣುತ್ತೇವೆ, ಯಾರನ್ನೂ ಹೇಗೆ ಬಿಡುವುದಿಲ್ಲ ಎಂದು ನಾನು ಅರ್ಧ ಗಂಟೆ ಮಾತನಾಡಿದೆ. ಎಲ್ಲವೂ ನಿಜ. ನಾನು ಮಾತನಾಡುತ್ತಿದ್ದಷ್ಟು ಹೊತ್ತೂ ದುರ್ಗಪ್ಪ ನನ್ನ ಪಕ್ಕದಲ್ಲಿ ಕುಳಿತು ಇರುವೆ ಸಾಲಿಗೆ ಕಡ್ಡಿಯಿಂದ ಸೇತುವೆ ಕಟ್ಟುತ್ತಿದ್ದ.

ಅದನ್ನು ನೋಡಿದವನು ಕೆಂಜಿ. ಎದ್ದು ನಿಂತು ದುರ್ಗಪ್ಪನ ಕಡೆ ಬೆರಳು ತೋರಿಸಿದ, ತನ್ನ ಕಿವಿ ಮುಟ್ಟಿಕೊಂಡ, ಸುತ್ತಲೂ ಎಲ್ಲರ ಮುಖ ನೋಡಿದ. ಅಷ್ಟೇ. ಇಂಗರ್ ಬಾಯಿಯ ಮುಖ ಕೆಂಪಾಯಿತು. ಹತ್ತು ದಿನ ನಾವು ಹೊರಗುಳಿದವರ ಬಗ್ಗೆ ಮಾತನಾಡಿದ್ದೆವು, ಹೊರಗುಳಿದವನೊಬ್ಬನನ್ನು ನಡುವೆ ಕೂಡಿಸಿಕೊಂಡು.

ಅಲ್ಲೇ ತೀರ್ಮಾನವಾಯಿತು: ನಾಳೆಯ ಸಭೆಯಲ್ಲಿ ಒಂದು ಗಂಟೆ ಯಾರೂ ಬಾಯಿ ತೆರೆಯಬಾರದು. ಮಾತೆಲ್ಲ ಕೈಯಲ್ಲಿ. ಬಾಯಿ ತೆರೆದವನು ಇಡೀ ಶಿಬಿರದ ಪಾತ್ರೆ ತಿಕ್ಕಬೇಕು. ಎಲ್ಲರೂ ನನ್ನ ಕಡೆ ನೋಡಿದರು.

ಮರುದಿನ ಬನದ ಹುಣ್ಣಿಮೆ, ಕಿಸೆಯ ಪತ್ರದಲ್ಲಿದ್ದ ದಿನ. ಅದು ನನಗೆ ಮರೆತೇ ಹೋಗಿತ್ತು.

ಸಂಜೆ ಐದಕ್ಕೆ ಸಭೆ ಕೂಡಿತು. ಊರವರೂ ಬಂದಿದ್ದರು. ಒಟ್ಟು ಮೂವತ್ತು ಜನ, ಪಿಸುಗುಟ್ಟುವವರೂ ಇಲ್ಲ. ದುರ್ಗಪ್ಪನನ್ನು ನಡುವೆ ನಿಲ್ಲಿಸಿದರು. ಅವನು ಸುತ್ತ ನೋಡಿದ, ನನ್ನನ್ನು ಕಂಡು ನಕ್ಕ, ಬಾಯಿಯ ಮುಂದೆ ಬೆರಳುಗಳನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿದ. ಆಮೇಲೆ ಸೊಂಟದಿಂದ ಕಾಲಿನವರೆಗೆ ಕೈ ಇಳಿಸಿ ಧೋತರ ತೋರಿಸಿದ. ನಾನು ಗಿರಣಿಗೆ ಬಂದ ಮೊದಲ ದಿನದ ಕತೆ ಹೇಳಲು ಹೊರಟಿದ್ದ. ಅದನ್ನು ಕಂಡವನು ಜಗತ್ತಿನಲ್ಲಿ ಅವನೊಬ್ಬನೇ. ಸನ್ನೆಯಲ್ಲಿ ಇಡೀ ಕತೆ ಹೇಳಲು ಬಾರದು ಎಂಬ ಭರವಸೆಯಲ್ಲಿ ನಾನು ಮೂರು ವರ್ಷ ನೆಮ್ಮದಿಯಾಗಿದ್ದೆ.

ಸರಿಯಾಗಿ ಆಗಲೇ ಮರದ ಹಿಂದಿನಿಂದ ಒಂದು ದನಿ ಬಂತು. "ಅಯ್ಯ ಶಿವನಽ! ಇವ್ರಿಗೆಲ್ಲಾ ಏನಾತೋ? ಒಬ್ಬರಿಗೂ ಮಾತಽ ಇಲ್ಲಲ್ಲೋ ಯಪ್ಪಾ!"

ತಿರುಗಿ ನೋಡಿದೆ. ಕಂಕುಳಲ್ಲಿ ಗಂಟು, ಸೀರೆಯ ಮೇಲೆ ಮೂರು ಬಸ್ಸಿನ ಧೂಳು. ಆ ಹೆಂಗಸನ್ನು ನಾನು ಎಂದೂ ನೋಡಿರಲಿಲ್ಲ, ಆದರೆ ಆ ಎರಡು ಕಂಬಳಿಹುಳುಗಳನ್ನು ದಿನವೂ ನೋಡುತ್ತಿದ್ದೆ. ದಾಂಡೇಲಿಗೆ ಹೋಗಿ ಗಿರಣಿಯಲ್ಲಿ ಕೇಳಿಕೊಂಡು ಬಂದಿದ್ದಳು ಮಾಲವ್ವ. ಕೈ ತಾನಾಗಿಯೇ ಕಿಸೆಯ ಪತ್ರದ ಮೇಲೆ ಹೋಯಿತು. ಮಿಸ್ತ್ರಿ ತುಟಿಯ ಮೇಲೆ ಬೆರಳಿಟ್ಟು ಅವಳಿಗೆ ಕುಳಿತುಕೊಳ್ಳಲು ಸನ್ನೆ ಮಾಡಿದರು. ಅವಳು ಗಾಬರಿಯಲ್ಲೇ ಹಿಂದೆ ಕುಳಿತಳು. ಬೆನ್ನು ತಿರುಗಿಸಿ ನಿಂತಿದ್ದ ದುರ್ಗಪ್ಪ ಅವಳನ್ನು ಕಾಣಲೇ ಇಲ್ಲ. ಅವನು ಕತೆ ಶುರು ಮಾಡಿದ್ದ.

ನಾನು ಮೊದಲ ದಿನ ಬಿಳಿ ಧೋತರ ಉಟ್ಟು ಬಂದದ್ದನ್ನು ತೋರಿಸಿದ: ಮೂಗು ಆಕಾಶಕ್ಕೆ, ಅಂಚು ಎರಡು ಬೆರಳ ತುದಿಯಲ್ಲಿ. ಬಿದಿರಿನ ದೊಡ್ಡ ಹೊರೆ ಧಪ್ಪೆಂದು ಇಳಿದು ಧೋತರದ ಚುಂಗು ಅಡಿಗೆ ಸಿಕ್ಕಿದ್ದನ್ನು ತೋರಿಸಿದ. ನಾನು ಜಗ್ಗಿದೆ. ಬರಲಿಲ್ಲ. ಇನ್ನೂ ಜಗ್ಗಿದರೆ ಧೋತರವೇ ಬಿಚ್ಚಿ ಬರುತ್ತದೆ. ಕೂಗಿದೆ. ಚಿಪ್ಪರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕನ್ನಡದಲ್ಲಿ ಕೂಗಿದೆ, ಮೂಗು ಇನ್ನಷ್ಟು ಏರಿಸಿ ಇಂಗ್ಲಿಷಿನಲ್ಲಿ ಕೂಗಿದೆ. ಒಂದು ಕೈಯಲ್ಲಿ ಸೊಂಟ ಹಿಡಿದು ಇನ್ನೊಂದು ಕೈ ಬೀಸಿದೆ. ಆಗ ದೂರದಿಂದ ಹ್ಯಾಟು ಹಾಕಿದ ಸಾಹೇಬರು ಬಂದರು, ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದು ತಾವೂ ಕೈ ಬೀಸಿ ಹೊರಟುಹೋದರು. ಇಷ್ಟನ್ನೂ ದುರ್ಗಪ್ಪ ಹೊರೆಯ ಹಿಂದೆ ನಿಂತು ನೋಡುತ್ತಿದ್ದ. ಎರಡು ಬೆರಳು ತುಟಿಗೆ ತಾಗಿಸಿದ: ಮೊದಲು ಹೋಗಿ ಚಹಾ ತಂದ, ಕುಡಿಯುತ್ತ ಪೂರ್ತಿ ನೋಡಿದ, ಆಮೇಲೆ ಬಿಡಿಸಿದ.

ಕತೆ ಸಾಹೇಬರು ಕೈ ಬೀಸಿದಲ್ಲಿಗೆ ಬಂದಾಗಲೇ ಮೊದಲ ನಗು ಸಿಡಿಯಿತು. ಅದು ಕೆಂಜಿಯದಲ್ಲ, ಇಂಗರ್ ಬಾಯಿಯದಲ್ಲ. ಹಿಂದೆ ಕುಳಿತ ಮಾಲವ್ವನದು. ಅದರ ಬೆನ್ನಿಗೇ ಐದು ದೇಶ, ಒಂದು ಊರು, ಎಲ್ಲ ಒಟ್ಟಿಗೆ ನಕ್ಕವು. ಯಾರಿಗೂ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಮಾಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. "ಇಂವಾ ನಮ್ಮ ದುರ್ಗ್ಯಾನ? ಇವಗ ಇಷ್ಟೊಂದು ಮಾತು ಬರ್ತಾವು?" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

"ಮಾಲಕ್ಕಾ..." ಎಂದು ನನ್ನ ಬಾಯಿಂದ ಬಿತ್ತು. ಮೂವತ್ತು ಬೆರಳು ಪಾತ್ರೆಗಳ ರಾಶಿಯ ಕಡೆ ತೋರಿಸಿದವು. ಅವಳೂ ಮಾತಾಡಿದ್ದಳೆಂದು ನಾನು ವಾದಿಸಿದೆ. ಅವಳು ಅತಿಥಿ ಎಂದು ತೀರ್ಪಾಯಿತು.

ದುರ್ಗಪ್ಪ ಅಕ್ಕನನ್ನು ಕಂಡು ಓಡಿ ಬಂದು ಗಂಟು ಇಸಕೊಂಡ, ಕಟ್ಟುತ್ತಿದ್ದ ಗೋಡೆ ತೋರಿಸಿದ, ಮೂವತ್ತೂ ಜನರ ಹೆಸರು ಹೇಳಿದ. ಅವಳು ಯಾಕೆ ಬಂದಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬೂದಿ ಹಾಕಿ ಪಾತ್ರೆ ತಿಕ್ಕುತ್ತ ಕುಳಿತಿದ್ದೆ. ಅವಳು ಬಂದು ಎದುರಿಗೆ ಕುಳಿತಳು.

"ಪತ್ರಾ ಬರ್ಯಾವ ನೀನಽ ಏನೋ?"

"ಹೂಂ ಅಕ್ಕಾ."

"ಬೆರಳ ತಿನ್ನೋ ಮಷೀನ ಅಂತ ಬರದಿದ್ದೆಲ್ಲ, ಎಷ್ಟ ಮಂದೀದು ತಿಂದೈತಿ?"

"ಯಾರದೂ ಇಲ್ಲ ಅಕ್ಕಾ. ಚಂದ ಕಾಣಲಿ ಅಂತ ಬರದಿದ್ದು."

"ಚಂದಕ್ಕ! ನಿನ್ನ ಚಂದಕ್ಕ ನಾ ಎರಡ ತಿಂಗಳ ನಿದ್ದಿ ಮಾಡಿಲ್ಲೋ ಖೋಡಿ! ಆ ಗಂಟಿ? ಅದಾದ್ರೂ ಖರೇ ಏನ?"

ಉತ್ತರ ಕೊಟ್ಟವರು ಮಿಸ್ತ್ರಿ. "ತಂಗೀ, ನಮ್ಮ ಖಾತೇದಾಗ ಗಂಟೀನಽ ಇಲ್ಲ. ಹಾಕಿ ಏನ ಮಾಡೂದು, ಯಾರಿಗೂ ಕೇಳೂದಿಲ್ಲ. ನಾಕೂ ಮೂಲಿಗೆ ಕೆಂಪು ದೀಪ ಅದಾವ. ದೀಪ ಹತ್ತಿದ್ರ ಎಲ್ಲಾರಿಕಿಂತ ಮೊದಲ ನೋಡಾವ ನಿನ್ನ ತಮ್ಮ. ನಾವು ಕಿವಿ ನಂಬಿ ಕೆಟ್ಟಾವ್ರು."

ಮಾಲವ್ವ ಒಂದು ಪಾತ್ರೆ ಕೈಗೆತ್ತಿಕೊಂಡು ನಾನು ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. "ಆದ್ರೂ ಮುಂಜಾನಿ ಬಸ್ಸಿಗೆ ಕರಕೊಂಡು ಹೋಗೂದಽ. ಊರಾಗೆಲ್ಲಾ ಹೇಳಿ ಬಂದೇನಿ. ಅವಗೇನ ತಿಳೀತೈತಿ, ಪಾಪ."

ಮುಂಜಾನೆ ಏಳೂವರೆಗೆ ಅವಳು ಗಂಟು ಕಟ್ಟಿ ಹೊಸ ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದಳು. ತಮ್ಮನನ್ನು ಕರೆದು ಮನೆಯ ಹಳೆಯ ಸನ್ನೆ ಮಾಡಿದಳು: ಬಾ. ಎರಡು ಬೆರಳು ಹಣೆಗಿಟ್ಟು ಕೊಂಬು ಮಾಡಿದಳು: ಎಮ್ಮೆ. ಅವನಿಗೆ ಅರ್ಥವಾಗಲಿಲ್ಲ. ಕೊನೆಗೆ ನಾನು ಕಿಸೆಯಿಂದ ಪತ್ರ ತೆಗೆದು, ಅಕ್ಕನ ಕಡೆ, ಅವನ ಕಡೆ, ಬಸ್ಸಿನ ಕಡೆ ಬೆರಳು ತೋರಿಸಿ ಅವನ ಕೈಗೆ ಕೊಟ್ಟೆ. ಓದಲು ಬಾರದವನು ಅದರ ಮಡಿಕೆ ನೋಡಿದ. ಎಷ್ಟೋ ವಾರ ಕಿಸೆಯಲ್ಲಿ ಕುಳಿತ ಕಾಗದ ಬೆವರಿನಿಂದ ಹಳದಿಯಾಗಿತ್ತು. ಅವಳನ್ನು ನೋಡಿದ, ನನ್ನನ್ನು ನೋಡಿದ. ಬಾಯಿಯ ಮುಂದೆ ನನ್ನ ಹೆಸರು ಒಮ್ಮೆ ಮಾಡಿ ಆ ಕೈಯನ್ನು ಕಟ್ಟೆಗೆ ಒರೆಸಿಬಿಟ್ಟ. ಮೂರು ವರ್ಷದಲ್ಲಿ ಅವನು ನನಗೆ ಹೇಳಿದ ಅತ್ಯಂತ ಕಠಿಣ ಮಾತು ಅದು.

ಆಮೇಲೆ ಅಕ್ಕನ ಎದುರು ಕುಕ್ಕರಗಾಲಲ್ಲಿ ಕುಳಿತು ಕೈ ಎತ್ತಿದ.

ಮಾಲವ್ವ ಅವನನ್ನು ನೋಡದೆ ನನ್ನ ಕಡೆ ತಿರುಗಿದಳು. "ಏನ ಹೇಳಾಕತ್ತಾನೋ ತಮ್ಮಾ? ಹೇಳ."

ನನ್ನ ಬಳಿ ಒಂದು ವಾಕ್ಯ ಸಿದ್ಧವಾಗಿತ್ತು. ಬಹಳ ಒಳ್ಳೆಯ ವಾಕ್ಯ, ಅದರಲ್ಲಿ ಸ್ವಾತಂತ್ರ್ಯ ಎಂಬ ಶಬ್ದವೂ ಇತ್ತು. ಅದನ್ನು ನುಂಗಿದೆ.

"ಅವಾ ನಿಮ್ಮ ಮುಂದ ಹೇಳಾಕತ್ತಾನ ಅಕ್ಕಾ. ನನ್ನ ನೋಡಬ್ಯಾಡ್ರಿ, ಅವನ್ನ ನೋಡ್ರಿ."

ಅವಳು ನೋಡಿದಳು. ಅರ್ಧ ಗಂಟೆ ನೋಡಿದಳು. ಅವನು ಗಿರಣಿಯ ಸನ್ನೆಗಳನ್ನು ಬಿಟ್ಟು ಅವರ ಮನೆಯ ಇಪ್ಪತ್ತು ಸನ್ನೆಗಳಲ್ಲೇ ಎಲ್ಲವನ್ನೂ ಹೇಳಲು ಹೆಣಗುತ್ತಿದ್ದ. ಸಾಲದೆ ಹೋದಾಗ ಹೊಸದು ಮಾಡುತ್ತಿದ್ದ. ಅವಳು ನಡುವೆ ಅವನ ಕೈ ಹಿಡಿದು ನಿಲ್ಲಿಸಿ, ತಾನೊಂದು ಸನ್ನೆ ಮಾಡಿ ಕೇಳುತ್ತಿದ್ದಳು. ಅವನು ತಲೆ ಅಲ್ಲಾಡಿಸುತ್ತಿದ್ದ. ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ಅವನಿಗೆ ಕೇಳಲಿಲ್ಲ. ಅವಳಿಗೂ ಕೇಳಲಿಲ್ಲ. ಬಸ್ಸು ಹೋಯಿತು.

ಕೊನೆಗೆ ಅವಳು ಗಂಟನ್ನು ಹಿಂದಕ್ಕೆ ಸರಿಸಿ ಮೂಗು ಒರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ.

"ಏನಂದ ಅಕ್ಕಾ?"

ನನ್ನ ಆಯುಷ್ಯದಲ್ಲಿ ನಾನು ಇನ್ನೊಬ್ಬರಿಂದ ಅನುವಾದ ಕೇಳಿದ್ದು ಅದೇ ಮೊದಲು.

"ನಿನಗ್ಯಾಕ ಅದು? ಅಕ್ಕಾ ತಮ್ಮನ ಮಾತು." ಆಮೇಲೆ ತಾನೇ ನಕ್ಕಳು. "ಎಮ್ಮಿ ತಿರುಗಿ ಮಾತಾಡೂದಿಲ್ಲಂತ. ಇಲ್ಲಿ ಎಲ್ಲಾರೂ ತಿರುಗಿ ಮಾತಾಡ್ತಾರಂತ. ಬರೂದಿಲ್ಲಂತಪಾ. ನನಗಽ ಇಲ್ಲಂದ ನೋಡ! ಹುಟ್ಟಿದಾಗಿಂದ ನನಗ ಒಂದ ಸಲಾನೂ ಇಲ್ಲ ಅಂದಾವಲ್ಲ." ಆ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ಜಂಬವಿತ್ತು. "ಇರ್ಲಿ. ಬಸ್ಸು ನಾಳಿಗೂ ಬರ್ತೈತಿ. ಆ ಚಾದ ಸನ್ನಿ ಹೆಂಗ ಮಾಡ್ತೀರಿ ತೋರಸ್ರಿ."

ಅವಳು ಮತ್ತೆ ಎಂಟು ದಿನ ನಿಂತಳು. ಮಿಸ್ತ್ರಿಯ ಜೊತೆ, ಇಂಗರ್ ಬಾಯಿಯ ಜೊತೆ ಒಂದೇ ಸಾಲಿನಲ್ಲಿ ಕುಳಿತು ಉಂಡಳು, ಕೆಂಜಿಗೆ ಖಾರವಿಲ್ಲದ ಪಲ್ಯ ಮಾಡಿಕೊಟ್ಟಳು, ದಿನಕ್ಕೆ ಹತ್ತು ಸನ್ನೆ ಕಲಿತಳು. ನನ್ನ ಹೆಸರಿನ ಸನ್ನೆ ಅವಳಿಗೆ ಬಹಳ ಹಿಡಿಸಿತು, ಕಾರಣವಿಲ್ಲದೆಯೂ ಮಾಡುತ್ತಿದ್ದಳು. ದುರ್ಗಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದು ಎರಡು ದಿನ ಮಾತ್ರ. ಮೂರನೆಯ ದಿನ ಹಂಚು ಏರಿಸುವಾಗ ಎರಡು ಬೆರಳು ತುಟಿಗೆ ತಾಗಿಸಿ ಹುಬ್ಬೇರಿಸಿದ. ಓಡಿಹೋಗಿ ಚಹಾ ತಂದೆ.

ಮರುವರ್ಷ ಅವರ ದೇಶಕ್ಕೆ ಕಳಿಸಬೇಕಾದವರೆಂದು ಇಂಗರ್ ಬಾಯಿ ಬರೆದುಕೊಂಡ ಹೆಸರು ದುರ್ಗಪ್ಪನದು. ಎಲ್ಲರೊಂದಿಗೂ ಮಾತನಾಡಬಲ್ಲವನು ಅವನೊಬ್ಬನೇ ಎಂದಳಂತೆ. ಕಾಗದಪತ್ರಗಳ ತೊಡಕಿನಲ್ಲಿ ಆ ಪ್ರವಾಸ ಕೂಡಿಬರಲಿಲ್ಲ. ಬೂಟು ಇನ್ನೂ ನಮ್ಮ ಕೋಣೆಯ ಮೂಲೆಯಲ್ಲಿದೆ. ಅದರಲ್ಲಿ ದುರ್ಗಪ್ಪ ಈರುಳ್ಳಿ ಇಡುತ್ತಾನೆ.

ಪಾಳಾಕ್ಕೆ ಹೊರಡುವ ದಿನ ಮಾಲವ್ವ ಒಂದೇ ಆಜ್ಞೆ ಮಾಡಿದಳು: "ಇನ್ನ ಮ್ಯಾಲ ನೀ ಪತ್ರಾ ಬರೀಬ್ಯಾಡ." ಕೆಂಜಿ ಹೋಗುವಾಗ ತನ್ನ ಪೆನ್ಸಿಲುಗಳನ್ನು ದುರ್ಗಪ್ಪನಿಗೆ ಕೊಟ್ಟಿದ್ದ. ತಿಂಗಳ ಕೊನೆಗೆ ದುರ್ಗಪ್ಪ ಒಂದು ಕಾರ್ಡು ತಂದು ಗೋಡೆಯ ಕಡೆ ತಿರುಗಿ ಕುಳಿತ. ವಿಳಾಸ ಬರೆಯುವಷ್ಟೇ ಕೆಲಸ ನನಗೆ ಕೊಟ್ಟ. ಕಾರ್ಡಿನಲ್ಲಿ ಎರಡು ರೊಟ್ಟಿ, ಒಂದು ಉರಿಯುವ ದೀಪ, ನಗುವ ಎರಡು ಹುಬ್ಬು, ಎರಡು ಕೊಂಬು, ಅದರ ಮುಂದೆ ಪ್ರಶ್ನೆಚಿಹ್ನೆಯಂಥ ಒಂದು ಕೊಕ್ಕೆ. ಉಂಡೆ, ಕೆಲಸ ಇದೆ, ಚೆನ್ನಾಗಿದ್ದೇನೆ, ಎಮ್ಮೆ ಹೇಗಿದೆ ಎಂದು ಅದರ ಅರ್ಥ. ಪಾಳಾದಲ್ಲಿ ಅಂಚೆಯವನು ಅದನ್ನು ಎಂದಿನಂತೆ ಮಾಸ್ತರರ ಮನೆಗೆ ಒಯ್ಯುತ್ತಿದ್ದನಂತೆ. ಮಾಲವ್ವ ಓಣಿಯಲ್ಲೇ ಅವನ ಕೈಯಿಂದ ಕಸಿದುಕೊಂಡು, ನಿಂತಲ್ಲೇ ತಾನೇ ಓದಿದಳಂತೆ. ಅವಳ ಜೀವನದಲ್ಲಿ ಅವಳು ಓದಿದ ಮೊದಲ ಪತ್ರ.

ಮರುಪತ್ರವೂ ಬಂತು, ಒಲೆಯ ಇದ್ದಿಲಿನಲ್ಲಿ ಬರೆದದ್ದು. ಒಂದು ಎಮ್ಮೆ, ಅದರ ಹೊಟ್ಟೆಯ ಕೆಳಗೆ ಪುಟ್ಟ ಕರು. ಮೂಲೆಯಲ್ಲಿ ಒಬ್ಬ ಮನುಷ್ಯ: ಕಾಲಿಗೆ ಬೂಟು, ಬಾಯಿಯ ಮೇಲೆ ಯಾರದೋ ದೊಡ್ಡ ಅಂಗೈ ಮುಚ್ಚಿದೆ. ದುರ್ಗಪ್ಪ ನೋಡಿ ನೋಡಿ ನಕ್ಕ, ಆಮೇಲೆ ನನ್ನ ಕೈಗೆ ಕೊಟ್ಟು ಅರ್ಥವಾಯಿತೇ ಎಂದು ಹುಬ್ಬೇರಿಸಿದ.

ನಾನು ಬಾಯಿ ತೆರೆಯಲಿಲ್ಲ. ಎರಡು ಬೆರಳು ತುಟಿಗೆ ತಾಗಿಸಿದೆ. ಇಬ್ಬರೂ ಎದ್ದು ಚಹಾ ಕುಡಿಯಲು ಹೋದೆವು.